ಹುಲಿ ಎಣಿಸಿದ್ದಾಯ್ತು, ಜಿಂಕೆ ಎಷ್ಟಿವೆ?

ಬಂಡೀಪುರದಲ್ಲಿ ಅರಣ್ಯ ಇಲಾಖೆಯ ಕಾಟೇಜುಗಳ ಮುಂದಿನ ಹುಲ್ಲಿಗೆ ಸಂಜೆಯಾದರೆ ಚುಕ್ಕೆ ಜಿಂಕೆಗಳು ಬಂದು ಸೇರುತ್ತವೆ. ಹತ್ತು ಇಪ್ಪತ್ತಲ್ಲ, ಹಿಂಡು ಹಿಂಡೇ ಬರುತ್ತವೆ. ಕತ್ತಲಾದ ಮೇಲೆ ಯಾವುದಾದರೂ ಗಾಡಿಯ ಬೆಳಕು ಆ ಕಡೆ ತಿರುಗಿದರೆ ಜೋಡಿ ಜೋಡಿ ಕಣ್ಣು ಮಿನುಗುತ್ತವೆ. ನೋಡಿ ಊರಿಗೆ ವಾಪಸ್ ಬಂದವರು ಹೇಳುವ ಮಾತು ಒಂದೇ. "ಕಾಡು ತುಂಬಾ ಜಿಂಕೆ, ಹುಲಿಗೆ ಊಟಕ್ಕೇನೂ ತೊಂದರೆ ಇಲ್ಲ."

ಆ ಹುಲ್ಲಿನ ಮುಂದೆ ನಿಂತು ಹಾಗೆ ಹೇಳೋಕೆ ಆಗಲ್ಲ. ಜಿಂಕೆ ಅಲ್ಲಿಗೆ ಬರುವುದಕ್ಕೆ ಅದರದೇ ಲೆಕ್ಕಾಚಾರ ಇದೆ. ಹುಲ್ಲು ಗಿಡ್ಡ, ಸುತ್ತ ಬಯಲು, ಯಾರು ಬಂದರೂ ದೂರದಿಂದಲೇ ಗೊತ್ತಾಗುತ್ತದೆ. ಜನರ ಓಡಾಟ, ಬೆಳಕು ಇರುವ ಕಡೆ ಹುಲಿ, ಸೀಳುನಾಯಿ ಹಿಂಜರಿಯುತ್ತವೆ. ಹಾಗಾಗಿ ಸುತ್ತಲಿನ ಜಿಂಕೆಗಳೆಲ್ಲ ರಾತ್ರಿ ಕಳೆಯೋಕೆ ಇಲ್ಲಿಗೇ ಬಂದರೆ, ನಾವು ನೋಡಿದ್ದು ಕಾಡನ್ನಲ್ಲ, ಜಿಂಕೆಗಳ ಬಸ್ ಸ್ಟ್ಯಾಂಡನ್ನು. ಮೆಜೆಸ್ಟಿಕ್ ನೋಡಿ ಕರ್ನಾಟಕದ ಜನಸಂಖ್ಯೆ ಹೇಳಿದ ಹಾಗೆ. ಸಫಾರಿ ರಸ್ತೆಯ ಕಥೆಯೂ ಇಷ್ಟೇ. ರಸ್ತೆ ಬದಿಯ ಪೊದೆ ಸವರಿ ವ್ಯೂಲೈನ್ ಮಾಡಿದರೆ ಅಲ್ಲಿ ಎಳೆ ಹುಲ್ಲು ಚಿಗುರುತ್ತದೆ, ಜಿಂಕೆ ಅದಕ್ಕೇ ಬರುತ್ತದೆ.

ಕರ್ನಾಟಕದಲ್ಲಿ ಹುಲಿ ಎಷ್ಟಿವೆ ಅಂತ ಕೇಳಿದರೆ ಶಾಲೆ ಹುಡುಗರೂ ಹೇಳುತ್ತಾರೆ. 2018ರಲ್ಲಿ 524, 2022ರಲ್ಲಿ 563. ಅದೇ ಕಾಡಿನಲ್ಲಿ ಕಡವೆ ಎಷ್ಟು, ಕರಡಿ ಎಷ್ಟು, ಮಂಗಟ್ಟೆ ಹಕ್ಕಿ ಗೂಡು ಕಟ್ಟುವ ಮರ ಎಷ್ಟು? ಉತ್ತರ ಅಷ್ಟು ಬೇಗ ಬರಲ್ಲ. ಆದರೆ ಬೇಸಿಗೆಯಲ್ಲಿ ಕೆರೆಗೆ ನೀರು ಬಿಡುವುದು, ಲಂಟಾನ ಕಳೆ ಕೀಳಿಸುವುದು, ಬೆಂಕಿ ಹಬ್ಬದ ಹಾಗೆ ಬೆಂಕಿ ರೇಖೆ ಎಳೆಯುವುದು, ಇಂಥ ದಿನನಿತ್ಯದ ಕೆಲಸಕ್ಕೆಲ್ಲ ಬೇಕಾಗಿರುವುದು ಈ ಎರಡನೇ ಪ್ರಶ್ನೆಯ ಉತ್ತರವೇ.

ಜಿಂಕೆ ಎಣಿಸುವುದು ಹೇಗೆ ಅಂತ ಸ್ವಲ್ಪ ವಿವರವಾಗಿ ನೋಡೋಣ. ನನಗೆ ಇದು ತುಂಬಾ ಇಷ್ಟದ ವಿಷಯ, ಹಾಗಾಗಿ ಮಾತು ಸ್ವಲ್ಪ ಉದ್ದ ಆದೀತು.

ಹುಲಿಯ ಮೈಮೇಲೆ ಪಟ್ಟೆ ಇದೆ. ಒಂದರ ಪಟ್ಟೆ ಇನ್ನೊಂದಕ್ಕಿಲ್ಲ. ಪ್ರಾಣಿ ಎದುರು ಹಾದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪಿನಲ್ಲಿ ಸಿಕ್ಕ ಚಿತ್ರ ಇಟ್ಟುಕೊಂಡು ಇದೇ ಹುಲಿ, ಅದಲ್ಲ ಅಂತ ಹೇಳಬಹುದು. ಚುಕ್ಕೆ ಜಿಂಕೆಯ ಹಿಂಡಿನಲ್ಲಿ ಆ ಆಟ ನಡೆಯಲ್ಲ. ಅದಕ್ಕೆ ಇರುವ ದಾರಿ ಟ್ರಾನ್ಸೆಕ್ಟ್ ನಡೆಯುವುದು. ಕಾಡಿನಲ್ಲಿ ಎರಡು ಮೂರು ಕಿಲೋಮೀಟರಿನ ನೇರ ಗೆರೆಗಳನ್ನು ಮೊದಲೇ ಗುರುತು ಮಾಡಿರುತ್ತಾರೆ. ರಸ್ತೆ, ಕೆರೆ, ಬಯಲು ನೋಡಿಕೊಂಡು ಗೆರೆ ಹಾಕುವ ಹಾಗಿಲ್ಲ. ಗೆರೆ ಹೋದ ಕಡೆ ಹೋಗಬೇಕು, ಮುಳ್ಳಿರಲಿ, ಹಳ್ಳವಿರಲಿ. ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಇಬ್ಬರು ಹೊರಡುತ್ತಾರೆ. ಮಾತಿಲ್ಲ, ಸನ್ನೆ ಮಾತ್ರ. ಜಿಂಕೆ ಕಂಡ ತಕ್ಷಣ ನಿಲ್ಲಬೇಕು. ಹಿಂಡಿನಲ್ಲಿ ಎಷ್ಟು, ಎಷ್ಟು ದೂರ, ಗೆರೆಯಿಂದ ಯಾವ ಕೋನದಲ್ಲಿ, ಇಷ್ಟನ್ನು ರೇಂಜ್ ಫೈಂಡರ್, ದಿಕ್ಸೂಚಿ ಹಿಡಿದು ಬರೆದುಕೊಳ್ಳಬೇಕು. ಅದು ಓಡಿ ಹೋಗಿ ನಿಂತ ಜಾಗ ಲೆಕ್ಕಕ್ಕಿಲ್ಲ, ಮೊದಲು ಕಂಡ ಜಾಗ ಮುಖ್ಯ. ಎದುರಿಗೆ ಆನೆ ಬಂದರೆ ಅವತ್ತಿನ ಲೆಕ್ಕ ಅಲ್ಲಿಗೇ ಮುಗಿಯಿತು, ವಾಪಸ್ ಬರುವುದೇ ಕೆಲಸ.

ದೂರ ಯಾಕೆ ಬರೆಯಬೇಕು? ಅಡಿಕೆ ತೋಟದಲ್ಲಿ ಉದುರು ಅಡಿಕೆ ಹೆಕ್ಕಿದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸಾಲಿನ ನಡುವೆ ನಡೆಯುವಾಗ ಕಾಲಬುಡದ ಅಡಿಕೆ ಒಂದೂ ತಪ್ಪಲ್ಲ. ಎರಡು ಮಾರು ಆಚೆ ಬಿದ್ದದ್ದರಲ್ಲಿ ಕೆಲವು ತಪ್ಪುತ್ತವೆ. ಇನ್ನೂ ಆಚೆ ಸೋಗೆಯಡಿ ಬಿದ್ದದ್ದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ದೂರ ಹೋದ ಹಾಗೆ ಎಷ್ಟೆಷ್ಟು ತಪ್ಪುತ್ತದೆ ಅನ್ನುವುದಕ್ಕೂ ಒಂದು ಕ್ರಮ ಇದೆ. ಆ ಕ್ರಮ ಸಿಕ್ಕಿದರೆ ಕಂಡದ್ದರಿಂದ ಕಾಣದ್ದನ್ನೂ ಲೆಕ್ಕ ಹಾಕಬಹುದು. ಟ್ರಾನ್ಸೆಕ್ಟಿನ ಗಣಿತ ಪೂರ್ತಿ ನಿಂತಿರುವುದು ಇದರ ಮೇಲೆ. ಎಣಿಸಿದವರು ತಾವು ಎಷ್ಟನ್ನು ತಪ್ಪಿಸಿಕೊಂಡೆವು ಅಂತಲೂ ಹೇಳಬೇಕು ಅನ್ನುವ ಪ್ರಾಮಾಣಿಕತೆ ಅದರಲ್ಲಿದೆ.

ನಮ್ಮ ನಾಗರಹೊಳೆ ಈ ವಿಷಯದಲ್ಲಿ ದೇಶಕ್ಕೇ ಮೊದಲ ಪಾಠಶಾಲೆ ಅಂದರೂ ತಪ್ಪಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಅಲ್ಲಿ ಗೆರೆ ಹಾಕಿ ನಡೆದರು. ಅಮೆರಿಕದ ವಿಜ್ಞಾನಿ ಮೆಲ್ವಿನ್ ಸನ್‌ಕ್ವಿಸ್ಟ್ ಜೊತೆ 1992ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಚದರ ಕಿಲೋಮೀಟರಿಗೆ ಸುಮಾರು 50 ಚುಕ್ಕೆ ಜಿಂಕೆ ಇದ್ದವು. ಕಡವೆ ಐದಾರು, ಕಾಡುಕುರಿ ನಾಲ್ಕು, ಕಾಟಿ ಒಂಬತ್ತು ಹತ್ತು. ಅಷ್ಟು ಸಮೃದ್ಧ ಕಾಡು ಏಷ್ಯಾದಲ್ಲೇ ಅಪರೂಪ. ಮುಂದೆ 2004ರಲ್ಲಿ ಕಾರಂತರು ಮತ್ತು ಸಂಗಡಿಗರು ದೇಶದ ಬೇರೆ ಬೇರೆ ಕಾಡುಗಳ ಹುಲಿ ಮತ್ತು ಬಲಿಪ್ರಾಣಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಹುಲಿಗಳು ವರ್ಷಕ್ಕೆ ಅಲ್ಲಿರುವ ಗೊರಸಿನ ಪ್ರಾಣಿಗಳಲ್ಲಿ ಹತ್ತರಲ್ಲಿ ಒಂದನ್ನು ತಿನ್ನುತ್ತವೆ ಅನ್ನುವ ಅಂದಾಜಿಗೆ ಇದು ಹೊಂದಿಕೆಯಾಗುತ್ತಿತ್ತು.

ಇದನ್ನೇ ತಿರುಗಿಸಿ ನೋಡಿ. ಒಂದು ಹುಲಿ ವಾರಕ್ಕೊಂದು ಬೇಟೆ ಅಂದರೆ ವರ್ಷಕ್ಕೆ ಸುಮಾರು 50. ಹತ್ತರಲ್ಲಿ ಒಂದು ಅನ್ನುವ ಲೆಕ್ಕ ಉಳಿಯಬೇಕಾದರೆ ಒಂದು ಹುಲಿಗೆ 500 ಪ್ರಾಣಿಗಳ ಬಂಡವಾಳ ಬೇಕು. ಅಸಲು ಹಾಗೇ ಇಟ್ಟು ಬಡ್ಡಿ ತಿನ್ನುವ ವ್ಯವಹಾರ ಇದು. ಅಸಲು ಕರಗಿದ ಕಾಡಿನಲ್ಲಿ ಹುಲಿ ಏನು ಮಾಡುತ್ತದೆ? ದನದ ಕೊಟ್ಟಿಗೆ ಕಡೆ ನೋಡುತ್ತದೆ.

2025ರ ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಆಮೇಲೆ ನಡೆದ ಚರ್ಚೆ ನಮಗೆ ನೆನಪಿದೆ. ಯಾರು ವಿಷ ಹಾಕಿದರು, ಯಾವ ಅಧಿಕಾರಿ ಎಲ್ಲಿದ್ದರು, ಕಾಡಿನೊಳಗೆ ದನ ಬಿಡುವುದನ್ನು ನಿಷೇಧಿಸಬೇಕಾ ಬೇಡವಾ. ಬೆಟ್ಟದ ಜನ ನಿಷೇಧದ ಮಾತಿಗೆ ಸಿಟ್ಟಾದರು, ಅದು ಸಹಜವೇ. ಆದರೆ ಅಲ್ಲಿ ಕಡವೆ ಎಷ್ಟಿವೆ, ಜಿಂಕೆ ಎಷ್ಟಿವೆ, ಹುಲಿ ಹಸುವನ್ನೇ ಹಿಡಿದದ್ದು ಯಾಕೆ ಅನ್ನುವ ಪ್ರಶ್ನೆ ಟಿವಿ ಚರ್ಚೆಗಳಲ್ಲಿ ನಾನಂತೂ ಕೇಳಲಿಲ್ಲ. ದನ ಮತ್ತು ಜಿಂಕೆ ಒಂದೇ ಹುಲ್ಲಿಗೆ ಪೈಪೋಟಿ ನಡೆಸುತ್ತವೆ. ಎಲ್ಲಿ, ಯಾವ ತಿಂಗಳು, ಎಷ್ಟು ದನ ಅನ್ನುವ ಲೆಕ್ಕ ಇದ್ದರೆ ಎಲ್ಲವನ್ನೂ ನಿಷೇಧಿಸುವ ಅಥವಾ ಎಲ್ಲವನ್ನೂ ಬಿಡುವ ಗೋಜಿಲ್ಲದೆ ಮಾತಾಡಬಹುದಿತ್ತು.

ಮಾಹಿತಿ ಇಲ್ಲವೇ ಇಲ್ಲ ಅಂತಲ್ಲ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ರಾಷ್ಟ್ರೀಯ ಹುಲಿ ಗಣತಿಯಲ್ಲಿ ಗಾರ್ಡುಗಳು, ವಾಚರ್‌ಗಳು ಪ್ರತಿ ಬೀಟಿನಲ್ಲೂ, ಅಂದರೆ ಒಬ್ಬ ಗಾರ್ಡಿನ ಪಾಲಿನ ಕಾಡಿನಲ್ಲೂ, ಗೆರೆ ನಡೆಯುತ್ತಾರೆ, ಹಿಕ್ಕೆ ಎಣಿಸುತ್ತಾರೆ. ಹಿಕ್ಕೆ ಎಣಿಸುವುದೂ ಸುಲಭ ಅಂತ ತಿಳಿಯಬೇಡಿ. ಮಳೆ ಬಂದರೆ ಕರಗುತ್ತದೆ, ಸಗಣಿ ಹುಳ ಒಂದೇ ರಾತ್ರಿಯಲ್ಲಿ ಎಷ್ಟೋ ಸಾಗಿಸಿಬಿಡುತ್ತದೆ. ಎಷ್ಟು ದಿನ ಉಳಿಯುತ್ತದೆ ಅಂತ ಗೊತ್ತಿಲ್ಲದೆ ಎಷ್ಟು ಜಿಂಕೆ ಹಾಕಿದ್ದು ಅಂತ ಹೇಳೋಕಾಗಲ್ಲ. 2018ರ ಗಣತಿಯಲ್ಲಿ 26 ಸಾವಿರಕ್ಕೂ ಹೆಚ್ಚು ಕಡೆ ಕ್ಯಾಮೆರಾ ಇಟ್ಟಿದ್ದರು. ಸಿಕ್ಕ ಚಿತ್ರ 3.48 ಕೋಟಿ. ಗಿನ್ನೆಸ್ ದಾಖಲೆಯೂ ಆಯಿತು. ಅದರಲ್ಲಿ ಹುಲಿಯ ಚಿತ್ರ 76,651, ಚಿರತೆಯದು 51,777. ಉಳಿದ ಮೂರು ಕೋಟಿ ನಲವತ್ತೇಳು ಲಕ್ಷ ಚಿತ್ರಗಳಲ್ಲಿ ಏನಿತ್ತು? ಗಾಳಿಗೆ ಅಲುಗಿದ ಎಲೆ, ದನ, ಸೌದೆ ಹೊತ್ತ ಹೆಂಗಸರು ಇದ್ದೇ ಇರುತ್ತಾರೆ. ಜೊತೆಗೆ ಕಡವೆ, ಕಾಡುಕುರಿ, ಕರಡಿ, ಕಾಡುಕೋಳಿ. ಪತ್ರಿಕಾಗೋಷ್ಠಿಗೆ ಬರದೆ ಹಾರ್ಡ್ ಡಿಸ್ಕಿನಲ್ಲಿ ಕೂತವು.

ಇನ್ನು ಜಿಂಕೆಯ ತಟ್ಟೆಗೆ ಬರೋಣ. ಹುಲಿಗೆ ಜಿಂಕೆ ಬೇಕು ಸರಿ, ಜಿಂಕೆಗೆ ಹುಲ್ಲು ಬೇಕಲ್ವಾ?

ಬ್ರಿಟಿಷರು 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ತಂದ ಲಂಟಾನ ಈಗ ದೇಶದ ಹುಲಿ ಕಾಡುಗಳಲ್ಲಿ ಶೇ 40ಕ್ಕಿಂತ ಹೆಚ್ಚು ಜಾಗದಲ್ಲಿ ಹಬ್ಬಿದೆ ಅಂತ 2020ರ ಒಂದು ಅಧ್ಯಯನ ಹೇಳಿತು. ಬಂಡೀಪುರದ ರಸ್ತೆಯಲ್ಲಿ ಹೋದವರು ಅದರ ಬಣ್ಣಬಣ್ಣದ ಹೂ ನೋಡಿಯೇ ಇರುತ್ತಾರೆ. ಅದರಡಿ ಹುಲ್ಲು ಬೆಳೆಯಲ್ಲ. ಎಲೆ ತಿಂದರೆ ದನಕ್ಕೂ ವಿಷ. ಬಿಳಿಗಿರಿರಂಗನ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ನೋಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದರು. ಲಂಟಾನ ಇದ್ದ ಜಾಗಗಳ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ಮಲೆ ಮಹದೇಶ್ವರ ಕಾಡಿನ ಇನ್ನೊಂದು ಅಧ್ಯಯನದಲ್ಲಿ ಲಂಟಾನ ದಟ್ಟವಾದ ಕಡೆ ಹಕ್ಕಿಗಳ ವೈವಿಧ್ಯ ಕಡಿಮೆಯಾಗಿದ್ದು ಕಂಡಿತು.

ಸೋಲಿಗರು ಇದಕ್ಕೆ ಒಂದು ಕಾರಣ ಹೇಳುತ್ತಾ ಬಂದಿದ್ದಾರೆ. ಹಿಂದೆ ಬೇಸಿಗೆ ಶುರುವಿನಲ್ಲೇ ಒಣಗಿದ ಎಲೆಗೆ ಸಣ್ಣದಾಗಿ ತರಗು ಬೆಂಕಿ ಕೊಡುತ್ತಿದ್ದರು. ಅದು ನೆಲ ಸವರಿಕೊಂಡು ಹೋಗುತ್ತಿತ್ತು, ಮರ ಸುಡುತ್ತಿರಲಿಲ್ಲ. ಲಂಟಾನದ ಸಸಿ ಸಾಯುತ್ತಿತ್ತು, ಹುಲ್ಲು ಚಿಗುರುತ್ತಿತ್ತು, ಜಿಂಕೆ ಬರುತ್ತಿತ್ತು. ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ನಿಂತಿತು. ಈಗ ಲಂಟಾನ ಆಳೆತ್ತರ ಬೆಳೆದು ಒಣಗಿ ನಿಂತಿದೆ. ಬೆಂಕಿ ಬಿದ್ದರೆ ಅದೇ ಏಣಿಯಾಗಿ ಮರದ ನೆತ್ತಿಗೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಸುಟ್ಟಿದ್ದನ್ನು ಮರೆಯೋಕಾಗಲ್ಲ. ಸೋಲಿಗರ ಮಾತನ್ನು ಹಾಗೇ ಒಪ್ಪಬೇಕು ಅಂತ ನಾನು ಹೇಳುತ್ತಿಲ್ಲ. ಆಗ ಬೆಂಕಿ ಕೊಟ್ಟ ಕಾಡೇ ಬೇರೆ, ಇವತ್ತಿನ ಲಂಟಾನ ತುಂಬಿದ ಕಾಡೇ ಬೇರೆ. ಆದರೆ ಹತ್ತು ಹೆಕ್ಟೇರಿನಲ್ಲಿ ಮೊದಲು ಲಂಟಾನ ಕಿತ್ತು, ಆಮೇಲೆ ತರಗು ಬೆಂಕಿ ಕೊಟ್ಟು, ಪಕ್ಕದ ಹತ್ತು ಹೆಕ್ಟೇರನ್ನು ಹಾಗೇ ಬಿಟ್ಟು, ಐದು ವರ್ಷ ಎರಡೂ ಕಡೆ ಹಿಕ್ಕೆ ಎಣಿಸಿ ನೋಡಬಹುದು. ಸಂಶೋಧನೆ ಅಂದರೆ ಇಷ್ಟೇ.

ಲಂಟಾನ ಕೀಳಿಸಿ ಸುಮ್ನೆ ಬಿಟ್ಟರೆ ಮುಂದಿನ ಮಳೆಗೆ ಬುಡದಿಂದ ಮತ್ತೆ ಬರುತ್ತದೆ. ಅದರ ಬೀಜ ಹಕ್ಕಿಗಳೇ ಸಾಗಿಸುತ್ತವೆ, ಪಿಕಳಾರಕ್ಕೆ ಆ ಹಣ್ಣು ಅಂದರೆ ಪ್ರಾಣ. ಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡುವವರಿದ್ದಾರೆ, ಒಳ್ಳೆಯ ಕೆಲಸವೇ. ಆದರೆ ಕುರ್ಚಿ ಮಾಡಿ ಮುಗಿಸುವಷ್ಟು ಲಂಟಾನ ಅಲ್ಲ ಅದು.

ನೀರಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬೋರ್‌ವೆಲ್ ಕೊರೆದು, ಸೋಲಾರ್ ಪಂಪ್ ಹಾಕಿ ಕಾಡಿನ ಕೆರೆ ತುಂಬಿಸುವ ಫೋಟೋಕ್ಕೆ ಲೈಕ್ ಜಾಸ್ತಿ. ಚುಕ್ಕೆ ಜಿಂಕೆ ನೀರು ಬಿಟ್ಟು ದೂರ ಹೋಗಲ್ಲ. ನೀರಿಲ್ಲದ ಒಣ ಮೂಲೆಯಲ್ಲಿ ಕೆರೆ ತುಂಬಿಸಿದರೆ ಹಿಂಡು ಅಲ್ಲಿಗೆ ಬಂದು ವರ್ಷಪೂರ್ತಿ ನಿಲ್ಲುತ್ತದೆ. ಸುತ್ತಲ ಹುಲ್ಲು ಬೋಳಾಗುತ್ತದೆ. ಬೇಸಿಗೆಯಲ್ಲಿ ಬೇರೆ ಕಡೆ ಹೋಗಿ ಆ ನೆಲಕ್ಕೆ ಬಿಡುವು ಕೊಡುತ್ತಿದ್ದ ಪ್ರಾಣಿಗಳು ಈಗ ಬಿಡುವು ಕೊಡಲ್ಲ. ಬರಗಾಲದಲ್ಲಿ ನೀರು ಬೇಡವಾ ಅಂತ ಕೇಳಬಹುದು. ಬೇಕಿರಬಹುದು. ಯಾವ ಕೆರೆಗೆ, ಎಷ್ಟು ದಿನ ಅನ್ನುವುದನ್ನು ಜಿಂಕೆ ಲೆಕ್ಕ ಹೇಳಬೇಕು, ದಾನಿಗಳ ಬೋರ್ಡ್ ಅಲ್ಲ.

ಕರಡಿ ಬೇರೆಯದೇ ತಲೆನೋವು. ಪಟ್ಟೆ ಇಲ್ಲ, ಹಿಂಡಿಲ್ಲ, ಹಗಲು ಬಂಡೆ ಸಂದಿಯಲ್ಲಿ ಮಲಗಿರುತ್ತದೆ. ಎದೆಯ ಮೇಲೆ ಬಿಳಿ ಗುರುತಿದೆ ನಿಜ, ಆದರೆ ತಲೆ ತಗ್ಗಿಸಿ ಮೂಸುತ್ತಾ ಹೋಗುವ ಪ್ರಾಣಿಯ ಎದೆಯನ್ನು ಕ್ಯಾಮೆರಾ ಎಲ್ಲಿ ನೋಡುತ್ತದೆ? ಹಾಗಾಗಿ ದೇಶದಲ್ಲಿ ಕರಡಿ 20 ಸಾವಿರಕ್ಕಿಂತ ಕಡಿಮೆ ಅನ್ನುವ ಮಾತು ಎಣಿಕೆಯಲ್ಲ, ತಿಳಿದವರ ಅಂದಾಜು. ಎಷ್ಟಿವೆ ಅನ್ನುವುದನ್ನು ಬಿಟ್ಟು ಎಲ್ಲಿವೆ ಅಂತ ಕೇಳುವುದು ಜಾಣ ದಾರಿ. 2006–07ರಲ್ಲಿ ನಮ್ಮ ಮಲೆನಾಡು ಮತ್ತು ಮೈಸೂರು ಸೀಮೆಯ ಸುಮಾರು 38 ಸಾವಿರ ಚದರ ಕಿಲೋಮೀಟರ್ ಪ್ರದೇಶದ ಕಾಡುಗಳಲ್ಲಿ ಹುಲಿ ಗುರುತಿಗಾಗಿ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ನಡೆದಿದ್ದರು. ದಾರಿಯಲ್ಲಿ ಕರಡಿಯ ಗುರುತುಗಳನ್ನೂ ಬರೆದಿಟ್ಟಿದ್ದರು. ಅದರಿಂದಲೇ ಮುಂದೆ ಈ ಸೀಮೆಯ ಕರಡಿ ನಕ್ಷೆ ತಯಾರಾಗಿ 2015ರಲ್ಲಿ ಪ್ರಕಟವಾಯಿತು. ಹುಲಿಗಾಗಿ ನಡೆದ ಕಾಲಿಗೆ ಕರಡಿಯೂ ಸಿಕ್ಕಿತು.

ಮಲೆನಾಡು ದಾಟಿ ಬಯಲುಸೀಮೆಗೆ ಬಂದರೆ ದರೋಜಿ. 1994ರಲ್ಲಿ ಕರಡಿಗಾಗಿಯೇ ಮಾಡಿದ ಧಾಮ. ಹಂಪಿಯಿಂದ ಹೆಚ್ಚು ದೂರವೇನಿಲ್ಲ. ಮಧ್ಯಾಹ್ನದ ಮೇಲೆ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಬಳಿದು ಬರುತ್ತಾರೆ. ಸ್ವಲ್ಪ ಹೊತ್ತಿಗೆ ತಾಯಿ ಕರಡಿ ಬೆನ್ನ ಮೇಲೆ ಮರಿ ಹೊತ್ತು ಇಳಿದು ಬರುತ್ತದೆ, ವೀಕ್ಷಣಾ ಗೋಪುರದಲ್ಲಿ ಕೂತವರ ಕ್ಯಾಮೆರಾ ಕ್ಲಿಕ್ ಅನ್ನುತ್ತದೆ. ನೋಡೋಕೆ ಖುಷಿ. ಆದರೆ ಈ ಬೆಲ್ಲ ಯಾವ ಕೆಲಸ ಮಾಡುತ್ತಿದೆ? ಕರಡಿ ಹೊಲಕ್ಕೆ ಹೋಗುವುದನ್ನು ತಡೆಯುತ್ತಿದೆಯಾ, ಇಲ್ಲಾ ಸಿಹಿಯ ರುಚಿ ಹತ್ತಿಸಿ ಪುಕ್ಕಟೆ ಊಟ ಕಲಿಸುತ್ತಿದೆಯಾ? ಕರಡಿಯ ಬಾಯಿ ಬೆಲ್ಲ ನೆಕ್ಕೋಕೆ ಮಾಡಿದ್ದಲ್ಲ. ಮೇಲಿನ ಎರಡು ಮುಂಬಲ್ಲು ಇಲ್ಲ, ಮೂಗಿನ ಹೊಳ್ಳೆ ಮುಚ್ಚಿಕೊಳ್ಳಬಲ್ಲದು. ಹುತ್ತ ಬಗೆದು, ಮಣ್ಣು ಊದಿ, ಗೆದ್ದಲನ್ನು ಸೊರ್ರ್ ಅಂತ ಹೀರುತ್ತದೆ. ಆ ಸದ್ದು ನೂರು ಮೀಟರ್ ದೂರಕ್ಕೂ ಕೇಳುತ್ತದೆ. ಸಂಶೋಧಕರು ಕರಡಿಯ ಲದ್ದಿಯನ್ನು ಜರಡಿಯಲ್ಲಿ ತೊಳೆದು ನೋಡಿದರೆ ಗೆದ್ದಲು, ಇರುವೆ, ಜೊತೆಗೆ ಕಕ್ಕೆ, ಬಾರೆ, ನೇರಳೆಯ ಬೀಜ ಸಿಗುತ್ತವೆ. ತಿಂದ ಹಣ್ಣಿನ ಬೀಜವನ್ನು ಗೊಬ್ಬರ ಸಮೇತ ದೂರ ಬಿತ್ತುವ ಪ್ರಾಣಿ ಅದು.

ಬಳ್ಳಾರಿ, ಕೊಪ್ಪಳ, ವಿಜಯನಗರ, ತುಮಕೂರು ಕಡೆ ಕರಡಿ ದಾಳಿಯ ಸುದ್ದಿ ಆಗಾಗ ಬರುತ್ತದೆ. ಕರಡಿ ಮನುಷ್ಯನನ್ನು ತಿನ್ನೋಕೆ ಬರಲ್ಲ, ಹತ್ತಿರದಲ್ಲಿ ಥಟ್ಟನೆ ಎದುರಾದರೆ ಹೆದರಿ ಮೇಲೆ ಬೀಳುತ್ತದೆ. ಹಾಗಾದರೆ ಯಾವಾಗ ಎದುರಾಗುತ್ತದೆ? ನಸುಕಿನಲ್ಲಿ, ಇಳಿ ಸಂಜೆಯಲ್ಲಿ, ರಾತ್ರಿ. ಅದೇ ಹೊತ್ತಿಗೆ ರೈತ ಮೋಟರ್ ಹಾಕೋಕೆ ಹೊಲಕ್ಕೆ ಹೋಗುತ್ತಾನೆ. ಯಾಕೆಂದರೆ ತ್ರೀ ಫೇಸ್ ಕರೆಂಟು ಬರುವುದೇ ಎಷ್ಟೋ ಕಡೆ ರಾತ್ರಿ. ಕರಡಿ ನಿರ್ವಹಣೆಯ ಒಂದು ತುದಿ ವಿದ್ಯುತ್ ಕಂಪನಿಯ ವೇಳಾಪಟ್ಟಿಯಲ್ಲಿದೆ ಅಂದರೆ ನಗಬೇಡಿ. ಕರಡಿ ಓಡಾಡುವ ಬೆಟ್ಟಗಳ ಬುಡದ ಹಳ್ಳಿಗಳಿಗೆ ಹಗಲು ಕರೆಂಟು ಕೊಟ್ಟು ದಾಳಿಗಳ ಲೆಕ್ಕ ಇಟ್ಟರೆ ಬೆಲ್ಲಕ್ಕಿಂತ ಜಾಸ್ತಿ ಗೊತ್ತಾಗುತ್ತದೆ ಅಂತ ನನ್ನ ಅನಿಸಿಕೆ.

ಹಕ್ಕಿಗಳಲ್ಲಿ ಒಂದನ್ನೇ ತೆಗೆದುಕೊಳ್ಳುತ್ತೇನೆ, ಮಂಗಟ್ಟೆ. ಪಶ್ಚಿಮಘಟ್ಟದಲ್ಲಿ ಸಿಗುವ ನಾಲ್ಕು ಬಗೆಯ ಮಂಗಟ್ಟೆಗಳೂ ದಾಂಡೇಲಿ ಸುತ್ತ ಇವೆ. ಊರಿನ ಟಿಂಬರ್ ಡಿಪೊದ ಮರಗಳಲ್ಲೇ ಸಂಜೆ ಬಂದು ಕೂರುವುದನ್ನು ನೋಡಬಹುದು. ಕಡಿದ ಮರದ ರಾಶಿ ಕೆಳಗೆ, ಮರವಿಲ್ಲದೆ ಬದುಕದ ಹಕ್ಕಿ ಮೇಲೆ. ಮಂಗಟ್ಟೆಗೆ ಅಷ್ಟು ದೊಡ್ಡ ಕೊಕ್ಕಿದ್ದರೂ ಮರಕುಟಿಗದ ಹಾಗೆ ಪೊಟರೆ ಕೊರೆಯೋಕೆ ಬರಲ್ಲ. ಹಳೆ ಮರ ತಾನಾಗಿ ಕೊಳೆತು ಟೊಳ್ಳಾಗಬೇಕು. ಹೆಣ್ಣು ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ, ಕೊಕ್ಕು ತೂರುವಷ್ಟು ಸಂದಿ ಮಾತ್ರ. ತಿಂಗಳುಗಟ್ಟಲೆ ಗಂಡು ಅತ್ತಿ, ಗೋಳಿ, ರಾಮಪತ್ರೆ ಹಣ್ಣು ತಂದು ಕೊಡಬೇಕು. ಆ ಗಂಡನ್ನು ಯಾರಾದರೂ ಹೊಡೆದರೆ ಒಳಗಿರುವ ಇಡೀ ಸಂಸಾರದ ಕಥೆ ಮುಗಿಯಿತು.

ಹಳೆಯ ಅರಣ್ಯಶಾಸ್ತ್ರದ ಕಣ್ಣಿಗೆ ಟೊಳ್ಳು ಮರ ಅಂದರೆ ದಂಡ. ಒಣಗಿದ್ದು, ಬಿದ್ದದ್ದು, ಸಾಯುತ್ತಿರುವುದು ಎಲ್ಲ ಕಡಿದು ಸಾಗಿಸುವುದೇ ಒಳ್ಳೆಯ ನಿರ್ವಹಣೆ. 2000ದ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಲ್ಲಿ ಸತ್ತ ಮರವನ್ನೂ ತೆಗೆಯಬಾರದು ಅಂದಿತು. 2011ರಲ್ಲಿ ಕಾಳಿ ನದಿಯ ಉದ್ದಕ್ಕೂ ಸುಮಾರು 52 ಚದರ ಕಿಲೋಮೀಟರ್ ಜಾಗವನ್ನು ದಾಂಡೇಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಅಂತ ಸರ್ಕಾರ ಘೋಷಿಸಿತು. ಎಲ್ಲಿ ಗೂಡಿದೆ, ಎಲ್ಲಿ ರಾತ್ರಿ ತಂಗುತ್ತವೆ ಅಂತ ನೋಡಿ ಬರೆದಿಟ್ಟವರು ಇದ್ದದ್ದಕ್ಕೆ ಇಂಥ ಗೆರೆ ಎಳೆಯೋಕಾಯಿತು. ಗೂಡಿನ ಮರಕ್ಕೆ ನಂಬರ್ ಹಾಕಿ, ವರ್ಷ ವರ್ಷ ಹೆಣ್ಣು ಒಳಗೆ ಹೋಯಿತಾ, ಮರಿ ಹೊರಗೆ ಬಂತಾ ಅಂತ ನೋಡುವುದು ಬೋರು ಹೊಡೆಸುವ ಕೆಲಸ. ಆದರೆ ದಾಂಡೇಲಿಯಲ್ಲಿ ನಡೆಸುವ ಮಂಗಟ್ಟೆ ಹಬ್ಬಕ್ಕಿಂತ ಅದೇ ಮುಖ್ಯ.

ಬೇರೆ ಹಕ್ಕಿಗಳ ಬಗ್ಗೆ ನಮಗೀಗ ಗೊತ್ತಿರುವುದರಲ್ಲಿ ಬಹುಪಾಲು ಹವ್ಯಾಸಿಗಳು ಕೊಟ್ಟದ್ದು. 2023ರ ಭಾರತದ ಹಕ್ಕಿಗಳ ಸ್ಥಿತಿ ವರದಿಗೆ ಸುಮಾರು 30 ಸಾವಿರ ಪಕ್ಷಿವೀಕ್ಷಕರು ಕಂಡ ಹಕ್ಕಿಗಳ ಪಟ್ಟಿಗಳೇ ಬಂಡವಾಳ. ದೀರ್ಘಕಾಲದ ಏರಿಳಿತ ಹೇಳಲು ಸಾಧ್ಯವಾದ 338 ಜಾತಿಗಳಲ್ಲಿ ಶೇ 60ರಷ್ಟು ಕಡಿಮೆಯಾಗಿವೆ ಅಂತ ಅದು ಹೇಳಿತು. ಇಲ್ಲೂ ಬಂಡೀಪುರದ ಹುಲ್ಲಿನ ಸಮಸ್ಯೆ ಇದೆ. ಹಕ್ಕಿ ನೋಡುವವರು ಹಕ್ಕಿ ಇರುವ ಕಡೆಗೇ ಹೋಗುತ್ತಾರೆ, ಭಾನುವಾರ ಹೋಗುತ್ತಾರೆ, ರಸ್ತೆ ಇರುವ ಕಡೆ ಹೋಗುತ್ತಾರೆ. ವರದಿ ಮಾಡಿದವರಿಗೆ ಇದು ಗೊತ್ತು. ಹಾಗಾಗಿ ಅವರು ಹಕ್ಕಿಗಳನ್ನು ಎಣಿಸಲಿಲ್ಲ, ನೂರು ಪಟ್ಟಿಯಲ್ಲಿ ಎಷ್ಟರಲ್ಲಿ ಆ ಹಕ್ಕಿ ಇದೆ ಅಂತ ನೋಡಿದರು. ಆದರೂ ಯಾರೂ ಹೋಗದ ಕಾಡಿನ ಮೂಲೆ ಖಾಲಿಯೇ ಉಳಿಯುತ್ತದೆ. ಆ ಮೂಲೆಗೆ ದಿನಾ ಹೋಗುವವನು ಒಬ್ಬನೇ, ಅಲ್ಲಿಯ ವಾಚರ್.

ಕಳ್ಳಬೇಟೆ ತಡೆ ಶಿಬಿರದ ವಾಚರ್‌ಗಳು ದಿನಾ ಹತ್ತಾರು ಕಿಲೋಮೀಟರ್ ನಡೆಯುತ್ತಾರೆ. ಅವರಲ್ಲಿ ಎಷ್ಟೋ ಜನ ಸೋಲಿಗರು, ಜೇನುಕುರುಬರು. ಕೂಗು ಕೇಳಿ ಹಕ್ಕಿ ಹೇಳುತ್ತಾರೆ, ಹಿಕ್ಕೆ ನೋಡಿ ಎಷ್ಟು ಹೊತ್ತಾಯಿತು ಅಂತ ಹೇಳುತ್ತಾರೆ. ಹಂಗಾಮಿ ನೌಕರಿ. ಅಧಿಕಾರಿಗಳು ಎರಡು ಮೂರು ವರ್ಷಕ್ಕೆ ವರ್ಗ ಆಗುತ್ತಾರೆ, ಲಂಟಾನ ಕಿತ್ತ ಜಾಗಕ್ಕೆ ಜಿಂಕೆ ಬಂತಾ ಅಂತ ತಿಳಿಯೋಕೆ ಐದು ವರ್ಷ ಬೇಕು. ಕಿತ್ತಿದ್ದಕ್ಕೆ ಬಿಲ್ ಇರುತ್ತದೆ, ಎಷ್ಟು ಹೆಕ್ಟೇರ್, ಎಷ್ಟು ಆಳು, ಎಷ್ಟು ಕೂಲಿ ಅಂತ. ಅದೇ ಫಾರಂನಲ್ಲಿ ಇನ್ನೊಂದು ಕಾಲಂ ಹಾಕಬಹುದು. ಅದೇ ಜಾಗದಲ್ಲಿ ಮುಂದಿನ ಜನವರಿಗೆ ಸಿಕ್ಕ ಹಿಕ್ಕೆ ರಾಶಿ ಎಷ್ಟು, ಅದರ ಮುಂದಿನ ಜನವರಿಗೆ ಎಷ್ಟು. ತುಂಬುವವರು ಅಲ್ಲೇ ಶಿಬಿರದಲ್ಲಿದ್ದಾರೆ.